ಗೌಡಾ ನಗರದ ಬೆಳಕಿನ ಚಿತ್ರಗಳು

ಹಾಲೆಂಡಿನ ಗೌಡಾ ಎಂಬ ಊರಿನ ಹೆಸರು ಕೇಳಿದೊಡನೆ ಕನ್ನಡಿಗರ ತುಟಿಯಲ್ಲಿ ಕಿರುನಗೆ ಮೂಡೀತು. ಲೋಕಕ್ಕೆ ಆ ಊರಿನ ಪರಿಚಯ ಅಲ್ಲಿಯ ಚೀಸಿನಿಂದ. ಆದರೆ ಅದರ ನಿಜವಾದ ಸಂಪತ್ತು ಇರುವುದು ಸ್ನಾನಿಕ ಯೋಹಾನನ ಹೆಸರಿನ ಇಗರ್ಜಿಯ ಕಿಟಕಿಗಳಲ್ಲಿ.

1552ರ ಜನವರಿಯಲ್ಲಿ ಸಿಡಿಲು ಬಡಿದು ಆ ಇಗರ್ಜಿ ಬೆಂದುಹೋಯಿತು. ಪುನಃ ಕಟ್ಟುವಾಗ ಊರಿನವರು ಡಿರ್ಕ್ ಮತ್ತು ವೌಟರ್ ಕ್ರಾಬೆತ್ ಎಂಬ ಸೋದರರನ್ನು ವರ್ಣಗಾಜಿನ ಕೆಲಸಕ್ಕೆ ಕರೆದರು. ಮೊದಲು ಕಿಟಕಿಯಷ್ಟೇ ದೊಡ್ಡದಾದ ಚಿತ್ರವನ್ನು ಕಾಗದದಲ್ಲಿ ಬರೆಯುವುದು; ಅದರಂತೆ ಬಣ್ಣದ ಗಾಜನ್ನು ಕತ್ತರಿಸುವುದು; ಮುಖ, ಕೈ, ಉಡುಪಿನ ನೆರಿಗೆಗಳನ್ನು ಅದರ ಮೇಲೆ ಬರೆದು ಕುಲುಮೆಯಲ್ಲಿ ಸುಡುವುದು; ಕೊನೆಗೆ ತುಂಡುಗಳನ್ನೆಲ್ಲ ಸೀಸದ ಪಟ್ಟಿಗಳಿಂದ ಬಿಗಿಯುವುದು. ಹೊನ್ನಿನಂಥ ಹಳದಿ ಬರುವುದು ಬೆಳ್ಳಿಯ ಲವಣದಿಂದ!

1557ರ ಕಿಟಕಿ ದೊರೆ ಎರಡನೆಯ ಫಿಲಿಪನ ಕೊಡುಗೆ. ಸ್ಪೇನಿಗೂ ಹಾಲೆಂಡಿಗೂ ಆಗ ಅವನೇ ಒಡೆಯ. ಮೇಲ್ಭಾಗದಲ್ಲಿ ಸೊಲೊಮೋನನು ದೇವಾಲಯವನ್ನು ಸಮರ್ಪಿಸುತ್ತಿದ್ದಾನೆ. ಕೆಳಗೆ ಕ್ರಿಸ್ತನ ಕಡೆಯ ಭೋಜನ. ಅಲ್ಲಿ ಮೊಣಕಾಲೂರಿರುವವರು ಫಿಲಿಪನೂ ಅವನ ರಾಣಿ, ಇಂಗ್ಲೆಂಡಿನ ಮೇರಿಯೂ.

ಹತ್ತು ವರ್ಷಗಳ ಅನಂತರ, ಅದೇ ಡಿರ್ಕನ ಕೈಯಿಂದ ಮತ್ತೊಂದು ಕಿಟಕಿ ಮೂಡಿತು. ಇದರಲ್ಲಿ ಕ್ರಿಸ್ತನು ಚಾವಟಿ ಹಿಡಿದು ವ್ಯಾಪಾರಿಗಳನ್ನೂ ಚಿನಿವಾರರನ್ನೂ ದೇವಾಲಯದಿಂದ ಹೊರಗಟ್ಟುತ್ತಿದ್ದಾನೆ. ಇದನ್ನು ಕೊಟ್ಟವನು ಆರೆಂಜಿನ ಪ್ರಭು ವಿಲಿಯಂ. ಒಂದು ಕಾಲಕ್ಕೆ ಫಿಲಿಪನ ನಂಬುಗೆಯ ಸರದಾರನಾಗಿದ್ದ ಅವನೇ 1568ರಿಂದ ದೊರೆಯ ವಿರುದ್ಧ ಬಂಡಾಯದ ಮುಂದಾಳಾದನು. 1580ರಲ್ಲಿ ಫಿಲಿಪನು ಅವನ ತಲೆಗೆ ಬೆಲೆ ಕಟ್ಟಿದನು. 1584ರಲ್ಲಿ ಡೆಲ್ಫ್ಟ್ ನಗರದಲ್ಲಿ ಕೊಲೆಗಾರನ ಗುಂಡಿಗೆ ವಿಲಿಯಂ ಬಲಿಯಾದನು.

ಇತ್ತ ಗೌಡಾ 1572ರಲ್ಲಿ ವಿಲಿಯಮನ ಪಕ್ಷ ಸೇರಿತು. ಮರುವರ್ಷ ಇಗರ್ಜಿ ಪ್ರಾಟೆಸ್ಟೆಂಟರ ವಶವಾಯಿತು. 1566ರಿಂದಲೂ ಆ ನಾಡಿನ ಎಷ್ಟೋ ಇಗರ್ಜಿಗಳಲ್ಲಿ ಮೂರ್ತಿಗಳೂ ಚಿತ್ರಗಳೂ ನುಚ್ಚುನೂರಾಗಿದ್ದವು. ವೈರಿಯಾದ ದೊರೆಯ ಮುಖವನ್ನು ಒಡೆಯಲು ಒಂದು ಕಲ್ಲು ಸಾಕಾಗಿತ್ತು. ಗೌಡಾದ ಜನ ಆ ಕಲ್ಲನ್ನು ಎತ್ತಲಿಲ್ಲ. ಬದಲಾಗಿ, 1594ರಿಂದ 1603ರವರೆಗೆ ಮತ್ತಷ್ಟು ಕಿಟಕಿಗಳನ್ನು ತುಂಬಿಸಿದರು. ಅವುಗಳಲ್ಲೊಂದು ಡೆಲ್ಫ್ಟ್ ನಗರದ ಕೊಡುಗೆ. ಸ್ಪೇನಿನ ಸೈನ್ಯ ಲೈಡನ್ ನಗರಕ್ಕೆ ಮುತ್ತಿಗೆ ಹಾಕಿದ್ದಾಗ ಕಟ್ಟೆಗಳನ್ನು ಕಡಿದು, ನೀರು ಹರಿಸಿ, ದೋಣಿಗಳಲ್ಲಿ ಅನ್ನ ಒಯ್ದ 1574ರ ಕಥೆ ಅದರಲ್ಲಿದೆ. ಅಲ್ಲಿ ವಿಲಿಯಮನೂ ಇದ್ದಾನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಜುಗಳನ್ನೆಲ್ಲ ಕಳಚಿ ಕಾಪಾಡಿದರು. ಶಾಂತಿ ಬಂದ ಬಳಿಕ ಮತ್ತೆ ಕೂಡಿಸಿದರು. ಕ್ರಾಬೆತ್ ಸೋದರರು ಬರೆದ ಕಾಗದದ ಚಿತ್ರಗಳೂ ಇಂದಿಗೂ ಇಗರ್ಜಿಯ ಭಂಡಾರದಲ್ಲಿ ಭದ್ರವಾಗಿವೆ.

ಫಿಲಿಪನ ಸಾಮ್ರಾಜ್ಯ ಅಳಿಯಿತು, ವಿಲಿಯಮನ ಕಲಹವೂ ಮುಗಿಯಿತು. ಒಂದು ಕಲ್ಲೇಟಿಗೆ ಒಡೆಯುವ ಗಾಜು ಮಾತ್ರ ನಾಲ್ಕೂವರೆ ಶತಮಾನ ಬಾಳಿದೆ. ಗಾಜು ಗಟ್ಟಿಯಾಗಿತ್ತೆಂದಲ್ಲ, ಕಾಯುವ ಮನಸ್ಸು ಗಟ್ಟಿಯಾಗಿತ್ತು. ಮುಂಜಾನೆ ಸೂರ್ಯ ಮೇಲೇರಿದಂತೆ ಇಬ್ಬರು ವೈರಿಗಳ ಕಾಣಿಕೆಯೂ ಒಂದೇ ನೆಲದ ಮೇಲೆ ಬಣ್ಣ ಚೆಲ್ಲುತ್ತದೆ.