ಬೀರುವಿನ ಟ್ಯಾಬ್‌ಗೆ ಎರಡನೇ ಪರದೆಯ ಕೆಲಸ

ಆನ್‌ಲೈನ್ ಕೋರ್ಸ್ ನೋಡುತ್ತಾ ಕೋಡಿಂಗ್ ಕಲಿಯುವಾಗ ನಾವು ಅತಿ ಹೆಚ್ಚು ಸಲ ಒತ್ತುವ ಕೀಲಿಗಳು ಯಾವುವು? ನನ್ನ ಲೆಕ್ಕದಲ್ಲಿ ಆಲ್ಟ್ ಮತ್ತು ಟ್ಯಾಬ್. ವಿಡಿಯೊದಲ್ಲಿ ಮೇಷ್ಟ್ರು ಒಂದು ಸಾಲು ಬರೆಯುತ್ತಾರೆ. ನಾವು ವಿಡಿಯೊ ನಿಲ್ಲಿಸಿ ಎಡಿಟರ್‌ಗೆ ಹೋಗುತ್ತೇವೆ. ಅರ್ಧ ಟೈಪ್ ಮಾಡುವಷ್ಟರಲ್ಲಿ ಬ್ರ್ಯಾಕೆಟ್ ಎಲ್ಲಿತ್ತು ಎಂಬುದು ಮರೆತು ಮತ್ತೆ ವಿಡಿಯೊಗೆ ಬರುತ್ತೇವೆ. ಇರುವ ಪರದೆಯನ್ನೇ ಎರಡು ಭಾಗ ಮಾಡಿದರೆ ಎರಡೂ ಕಡೆ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ಗಂಟೆಯ ಪಾಠಕ್ಕೆ ಎರಡು ಗಂಟೆ ಬೇಕಾಗುತ್ತದೆ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಲ್ಯಾಪ್‌ಟಾಪ್ ಪಕ್ಕಕ್ಕೆ ಇನ್ನೊಂದು ಮಾನಿಟರ್ ಇರುವುದು ಸಾಮಾನ್ಯ. ಆದರೆ ಅಲ್ಲಿ ಕೆಲಸ ಗಿಟ್ಟಿಸಲು ಓದುತ್ತಿರುವ ನಮಗೆ? ಹೊಸ ಮಾನಿಟರ್‌ಗೆ ಸಾವಿರಾರು ರೂಪಾಯಿ ಬೇಕು. ಅದನ್ನಿಡಲು ಮೇಜು ಬೇಕು, ಪ್ಲಗ್ ಪಾಯಿಂಟ್ ಬೇಕು. ಮಾಲೂರಿನಿಂದ ರೈಲಿನಲ್ಲಿ, ಮುಳಬಾಗಿಲಿನಿಂದ ಬಸ್ಸಿನಲ್ಲಿ ದಿನವೂ ಓಡಾಡುವವರು ಅದನ್ನು ಹೊತ್ತುಕೊಂಡು ಹೋಗುವುದಂತೂ ಆಗದ ಮಾತು. ಕರೆಂಟ್ ಹೋದರೆ ಮಾನಿಟರ್ ಕೂಡ ಹೋಯಿತು.

ಒಂದು ಸಲ ಮನೆಯ ಬೀರು ತೆರೆದು ನೋಡಿ. ಎರಡನೇ ಪರದೆ ಅಲ್ಲೇ ಇರಬಹುದು.

2021ರಲ್ಲಿ, ಕೊರೊನಾ ಕಾಲದಲ್ಲಿ, ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಯೋಜನೆ ತಂದಿತು. ಅಂದು ಆನ್‌ಲೈನ್ ತರಗತಿಗೆ ಆಸರೆಯಾಗಿದ್ದ ಆ ಟ್ಯಾಬ್‌ಗಳನ್ನು ಪಡೆದ ಅಕ್ಕ, ಅಣ್ಣಂದಿರು ಈಗ ಓದು ಮುಗಿಸಿದ್ದಾರೆ. ಟ್ಯಾಬ್ ಮಾತ್ರ ಎಷ್ಟೋ ಮನೆಗಳಲ್ಲಿ ಮದುವೆ ಆಲ್ಬಮ್ಮಿನ ಪಕ್ಕ ಮಲಗಿದೆ. ಹೊಸ ಆ್ಯಪ್‌ಗಳಿಗೆ ಅದು ನಿಧಾನ ಎನ್ನಿಸಬಹುದು. ಆದರೆ ಬೇರೆ ಕಂಪ್ಯೂಟರ್ ಕಳಿಸುವ ಚಿತ್ರವನ್ನು ತೋರಿಸುವಷ್ಟು ಶಕ್ತಿ ಅದಕ್ಕೆ ಸಾಮಾನ್ಯವಾಗಿ ಇರುತ್ತದೆ. ಹಳೆಯ ಫೋನ್, ಗೆಳೆಯನ ಲ್ಯಾಪ್‌ಟಾಪ್ ಕೂಡ ಈ ಕೆಲಸಕ್ಕೆ ಆಗುತ್ತವೆ.

ಇಲ್ಲದ ಮಾನಿಟರ್

ಇದರ ಗುಟ್ಟು ಸರಳ. ಲ್ಯಾಪ್‌ಟಾಪ್‌ನಲ್ಲಿ ಹಾಕುವ ತಂತ್ರಾಂಶ ವಿಂಡೋಸ್‌ಗೆ ‘ಇನ್ನೊಂದು ಮಾನಿಟರ್ ಜೋಡಿಸಲಾಗಿದೆ’ ಎಂದು ನಂಬಿಸುತ್ತದೆ. ವಿಂಡೋಸ್ ಆ ಇಲ್ಲದ ಮಾನಿಟರ್‌ಗೂ ಚಿತ್ರ ಬಿಡಿಸುತ್ತದೆ. ತಂತ್ರಾಂಶ ಆ ಚಿತ್ರವನ್ನು ಹಿಡಿದು, ಕುಗ್ಗಿಸಿ, ವೈಫೈ ಮೂಲಕ ಟ್ಯಾಬ್‌ಗೆ ಕಳಿಸುತ್ತದೆ. ಟ್ಯಾಬ್ ಅದನ್ನು ಹಿಗ್ಗಿಸಿ ತೋರಿಸುತ್ತದೆ.

ಕುಗ್ಗಿಸುವುದು ಯಾಕೆ? ಲೆಕ್ಕ ಹಾಕಿ ನೋಡಿ. ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳಿವೆ. ಪ್ರತಿ ಚುಕ್ಕಿಯ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 60 ಸಲ ಚಿತ್ರ ಬದಲಾದರೆ ಹತ್ತಿರ ಹತ್ತಿರ 300 ಕೋಟಿ ಬಿಟ್, ಅಂದರೆ 3 ಗಿಗಾಬಿಟ್! ನಮ್ಮ ಮನೆಯ ವೈಫೈಗೆ ಅದು ಹೊರಲಾಗದ ಹೊರೆ. ಅದಕ್ಕೇ ಯೂಟ್ಯೂಬ್ ವಿಡಿಯೊದಂತೆ ಇದನ್ನೂ ಕುಗ್ಗಿಸುತ್ತಾರೆ. ಕುಗ್ಗಿಸಿ, ಕಳಿಸಿ, ಹಿಗ್ಗಿಸುವಷ್ಟರಲ್ಲಿ ಸೆಕೆಂಡಿನ ಸಣ್ಣ ಭಾಗವೊಂದು ಕಳೆಯುತ್ತದೆ. ಎರಡನೇ ಪರದೆಯಲ್ಲಿ ಮೌಸ್ ಸ್ವಲ್ಪ ಎಳೆದಂತೆ ಕಾಣುವುದು ಇದೇ ಕಾರಣಕ್ಕೆ.

ಜೋಡಿಸುವುದು ಹೇಗೆ?

ಆ್ಯಪಲ್ 2019ರಲ್ಲಿ ಸೈಡ್‌ಕಾರ್ ಎಂಬ ಸೌಲಭ್ಯ ಕೊಟ್ಟು ಐಪ್ಯಾಡನ್ನು ಮ್ಯಾಕ್‌ಗೆ ಎರಡನೇ ಪರದೆ ಮಾಡಿತು. ಐಫೋನ್ ಜೋಡಿಸುವ ಕಾರ್ಖಾನೆ ನಮ್ಮ ನರಸಾಪುರದಲ್ಲೇ ಇದೆ, ನಿಜ. ಆದರೆ ನಮ್ಮಲ್ಲಿ ಹೆಚ್ಚಿನವರ ಚೀಲದಲ್ಲಿರುವುದು ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಆಂಡ್ರಾಯ್ಡ್ ಫೋನ್. ನಮಗೆ ಹೊಂದುವುದು ಸ್ಪೇಸ್‌ಡೆಸ್ಕ್. ವೈಯಕ್ತಿಕ ಬಳಕೆಗೆ ಇದು ಉಚಿತ. ಲ್ಯಾಪ್‌ಟಾಪ್‌ನಲ್ಲಿ ಇದರ ಡ್ರೈವರ್, ಟ್ಯಾಬ್‌ನಲ್ಲಿ ಪ್ಲೇಸ್ಟೋರ್‌ನಿಂದ ಇದರ ಆ್ಯಪ್ ಹಾಕಿಕೊಳ್ಳಿ. ಎರಡನ್ನೂ ಒಂದೇ ವೈಫೈಗೆ ಸೇರಿಸಿ, ಟ್ಯಾಬ್‌ನಲ್ಲಿ ಲ್ಯಾಪ್‌ಟಾಪ್‌ನ ಹೆಸರು ಒತ್ತಿ. ನಂತರ ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿದರೆ ಮುಗಿಯಿತು. ಕಿಟಕಿಯನ್ನು ಮೌಸ್‌ನಿಂದ ಎಳೆದು ಟ್ಯಾಬ್‌ಗೆ ದಾಟಿಸಬಹುದು.

ಮಿನಿ ಪ್ರಾಜೆಕ್ಟ್‌ಗೆ ಗೆಳೆಯರು ಸೇರಿದಾಗ ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರಿಗೆ ಪರದೆಯಾಗಬೇಕೇ? ವಿಂಡೋಸ್ 10 ಮತ್ತು 11ರಲ್ಲಿ ‘ಪ್ರೊಜೆಕ್ಟಿಂಗ್ ಟು ದಿಸ್ ಪಿಸಿ’ ಎಂಬ ಆಯ್ಕೆ ಇದೆ. ಪರದೆಯಾಗಬೇಕಾದ ಲ್ಯಾಪ್‌ಟಾಪ್‌ನಲ್ಲಿ ‘ವೈರ್‌ಲೆಸ್ ಡಿಸ್‌ಪ್ಲೇ’ ಎಂಬ ಹೆಚ್ಚುವರಿ ಸೌಲಭ್ಯವನ್ನು ಸೇರಿಸಿಕೊಂಡು ಇದನ್ನು ಆನ್ ಮಾಡಬೇಕು. ಇನ್ನೊಂದರಲ್ಲಿ ವಿಂಡೋಸ್ ಕೀಲಿಯ ಜೊತೆ ‘ಕೆ’ ಒತ್ತಬೇಕು. ಇದು ಮಿರಾಕಾಸ್ಟ್ ತಂತ್ರಜ್ಞಾನ. ಎರಡೂ ಲ್ಯಾಪ್‌ಟಾಪ್‌ಗಳು ಅದಕ್ಕೆ ಹೊಂದುವಂತಿರಬೇಕು.

‘ನಮ್ಮ ಮನೇಲಿ ವೈಫೈ ಇಲ್ಲ, ದಿನದ ಡೇಟಾ ಖಾಲಿಯಾಗುತ್ತಲ್ಲ?’ ಶ್ರೀನಿವಾಸಪುರದ ಹಳ್ಳಿಯಿಂದ ಬರುವ ಗೆಳತಿ ಕೇಳಿದ ಪ್ರಶ್ನೆ ಇದು. ಖಾಲಿಯಾಗುವುದಿಲ್ಲ! ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಮತ್ತು ಟ್ಯಾಬ್ ಎರಡನ್ನೂ ಅದಕ್ಕೆ ಸೇರಿಸಿದರೆ ಚಿತ್ರ ಓಡಾಡುವುದು ಕೋಣೆಯೊಳಗೇ. ಅದು ಮೊಬೈಲ್ ಟವರ್‌ವರೆಗೆ ಹೋಗುವುದೇ ಇಲ್ಲ. ಮೊಬೈಲ್ ಡೇಟಾ ಆಫ್ ಮಾಡಿದರೂ ಎರಡನೇ ಪರದೆ ಕೆಲಸ ಮಾಡುತ್ತದೆ. ಡೇಟಾ ಖರ್ಚಾಗುವುದು ನೀವು ನೋಡುವ ಆನ್‌ಲೈನ್ ಪಾಠಕ್ಕೆ ಮಾತ್ರ. ವೈಫೈ ಸತಾಯಿಸಿದರೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಆನ್ ಮಾಡಿ. ಚಿತ್ರ ಹೆಚ್ಚು ಸ್ಥಿರವಾಗಿರುತ್ತದೆ, ಟ್ಯಾಬ್ ಚಾರ್ಜ್ ಕೂಡ ಆಗುತ್ತದೆ. ಕರೆಂಟ್ ಹೋದರೂ ಎರಡಕ್ಕೂ ಅವುಗಳದೇ ಬ್ಯಾಟರಿ ಇದೆ.

ಹೆಸರು ಕಾಣದಿದ್ದರೆ?

ಟ್ಯಾಬ್‌ನಲ್ಲಿ ಲ್ಯಾಪ್‌ಟಾಪ್ ಹೆಸರು ಬಾರದಿದ್ದರೆ ಮೂರು ಕಡೆ ನೋಡಿ. ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆಯೇ? ಐಪಿ ವಿಳಾಸದ ಮೊದಲ ಮೂರು ಸಂಖ್ಯೆಗಳು ಹೊಂದಿದರೆ ಸಾಮಾನ್ಯವಾಗಿ ಹೌದು. ವಿಂಡೋಸ್ ಫೈರ್‌ವಾಲ್ ಅಡ್ಡ ನಿಂತಿದೆಯೇ? ಮನೆಯ ವೈಫೈಯನ್ನು ‘ಪಬ್ಲಿಕ್’ ಬದಲು ‘ಪ್ರೈವೇಟ್’ ಎಂದು ಗುರುತಿಸಿ. ಕಾಲೇಜು, ಹಾಸ್ಟೆಲ್‌ನ ವೈಫೈ ಆದರೆ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆದಿರುವ ಸಾಧ್ಯತೆಯಿದೆ. ಅದು ಭದ್ರತೆಗಾಗಿ ಮಾಡಿದ ಏರ್ಪಾಡು. ಅಲ್ಲಿ ನಿಮ್ಮ ಹಾಟ್‌ಸ್ಪಾಟ್ ಅಥವಾ ಕೇಬಲ್ಲೇ ದಾರಿ.

ಚಿತ್ರ ತಡವರಿಸುತ್ತಿದ್ದರೆ ರೆಸಲ್ಯೂಷನ್ ತಗ್ಗಿಸಿ. ಎರಡೂ ಸಾಧನಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಇದ್ದರೆ ಅದನ್ನೇ ಆರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚು ಕದಲದ ಕಿಟಕಿಯನ್ನು ಟ್ಯಾಬ್‌ಗೆ ಕೊಡಿ. ಪಿಡಿಎಫ್ ನೋಟ್ಸ್, ಪ್ರಶ್ನೆಪತ್ರಿಕೆ, ಎರರ್ ತೋರಿಸುವ ಟರ್ಮಿನಲ್, ಅರ್ಜಿ ತುಂಬುವಾಗ ರೆಸ್ಯೂಮೆ ಅಲ್ಲಿರಲಿ. ವಿಡಿಯೊ ಲ್ಯಾಪ್‌ಟಾಪ್‌ನಲ್ಲೇ ಓಡಲಿ. ಗೇಮ್‌ಗೆ ಇದು ಆಗಿಬರುವುದಿಲ್ಲ.

ಇಷ್ಟು ಎಚ್ಚರ ಇರಲಿ

ಬಸ್ ನಿಲ್ದಾಣ, ಕೆಫೆಯಂಥ ಸಾರ್ವಜನಿಕ ವೈಫೈನಲ್ಲಿ ಇದನ್ನು ಬಳಸಬೇಡಿ. ನಿಮ್ಮ ಪರದೆಯೇ ನೆಟ್‌ವರ್ಕ್‌ನಲ್ಲಿ ಹರಿಯುತ್ತಿರುತ್ತದೆ. ಕಂಪನಿಗಳ ಆನ್‌ಲೈನ್ ಟೆಸ್ಟ್‌ಗೆ ಕೂರುವ ಮೊದಲು ಸಂಪರ್ಕ ಕಡಿದು, ತಂತ್ರಾಂಶವನ್ನೂ ಮುಚ್ಚಿ. ನಿಗಾ ಇಡುವ ಎಷ್ಟೋ ಟೆಸ್ಟ್‌ಗಳಲ್ಲಿ ಎರಡನೇ ಮಾನಿಟರ್‌ಗೆ ಅವಕಾಶವಿಲ್ಲ. ಪ್ರಾಮಾಣಿಕವಾಗಿ ಬರೆಯುತ್ತಿದ್ದರೂ ಅನುಮಾನಕ್ಕೆ ಗುರಿಯಾಗುವುದು ಬೇಡ. ಹಳೆಯ ಟ್ಯಾಬ್‌ನ ಬೆನ್ನು ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆ ಎಂದರ್ಥ. ಅದನ್ನು ಚಾರ್ಜ್‌ಗೆ ಹಾಕಲೇಬೇಡಿ.

ಮಾನಿಟರ್ ದುಡ್ಡು ಉಳಿಯುವುದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕಂಪ್ಯೂಟರ್ ನೆಟ್‌ವರ್ಕ್ಸ್ ವಿಷಯದಲ್ಲಿ ಐಪಿ ವಿಳಾಸ, ಪೋರ್ಟ್, ಟಿಸಿಪಿ, ಲೇಟೆನ್ಸಿ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತೇವೆ. ಟ್ಯಾಬ್‌ನಲ್ಲಿ ಹೆಸರು ಕಾಣದೆ ಪರದಾಡಿದ ದಿನ ಆ ಪದಗಳಿಗೆಲ್ಲ ಜೀವ ಬರುತ್ತದೆ. ಪಕ್ಕದಲ್ಲಿ ಉಚಿತ ವೈರ್‌ಶಾರ್ಕ್ ತೆರೆದಿಟ್ಟುಕೊಂಡು ಎರಡನೇ ಪರದೆಯಲ್ಲಿ ಒಂದು ಕಿಟಕಿಯನ್ನು ಅಲುಗಾಡಿಸಿ. ಪ್ಯಾಕೆಟ್‌ಗಳು ಪುತುಪುತು ಉದುರುವುದು ಕಣ್ಣಿಗೇ ಕಾಣುತ್ತದೆ. ಸುಮ್ಮನಿದ್ದರೆ ಕಡಿಮೆಯಾಗುತ್ತವೆ. ಚಿತ್ರ ಬದಲಾದಾಗಲೇ ಹೆಚ್ಚು ದತ್ತಾಂಶ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೇ?

ಸಂದರ್ಶನದಲ್ಲಿ ‘ಲೇಟೆನ್ಸಿ ಎಂದರೇನು?’ ಎಂದು ಕೇಳಿದರೆ ಪುಸ್ತಕದ ವ್ಯಾಖ್ಯೆ ಎಲ್ಲರೂ ಹೇಳುತ್ತಾರೆ. ಅದನ್ನು ಕಣ್ಣಾರೆ ಕಂಡು, ರೆಸಲ್ಯೂಷನ್ ತಗ್ಗಿಸಿ, ಕೇಬಲ್ ಬದಲಿಸಿ ಕಡಿಮೆ ಮಾಡಿದವರ ಉತ್ತರವೇ ಬೇರೆ. ಪ್ರಯೋಗಾಲಯ ಕಾಲೇಜಿನಲ್ಲಿ ವಾರಕ್ಕೆ ಕೆಲವೇ ಗಂಟೆ ಸಿಗುತ್ತದೆ. ಇದು ದಿನವಿಡೀ ನಮ್ಮ ಮೇಜಿನ ಮೇಲೇ ಇರುತ್ತದೆ. ಈ ಭಾನುವಾರ ಅಕ್ಕನನ್ನೋ ಅಣ್ಣನನ್ನೋ ಕೇಳಿ ಆ ಟ್ಯಾಬ್ ಹೊರಗೆ ತೆಗೆಯಿರಿ. ಮೊದಲು ಚಾರ್ಜರ್ ಹುಡುಕಬೇಕಾದೀತು, ಅಷ್ಟೆ.