ಅಂಗೈಯ ಆಟದ ಯಂತ್ರವೂ ಇತಿಹಾಸದ ಆಧಾರವೂ
(ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ)

ಆಟದ ವಸ್ತುಗಳನ್ನು ಇತಿಹಾಸಕಾರರು ಗಂಭೀರವಾಗಿ ಪರಿಗಣಿಸುವುದು ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ. ಶಾಸನ, ನಾಣ್ಯ, ಕೈಫಿಯತ್ತು, ದಫ್ತರದ ಕಾಗದ ಇವು ನಮಗೆ ಆಧಾರಗಳು. ಮಕ್ಕಳ ಕೈಯಲ್ಲಿ ಸವೆದುಹೋದ ಆಟಿಕೆಯು ಈ ಸಾಲಿಗೆ ಸೇರತಕ್ಕುದಲ್ಲವೆಂಬ ಭಾವನೆ ಬಲವಾಗಿದೆ. ಆದರೆ ನಮ್ಮ ಹಿಂದಿನವರು ಹೀಗೆ ಭಾವಿಸಿದಂತೆ ತೋರುವುದಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದು ವಿಂಶತಿಗಳಲ್ಲಿ ಎರಡು ವಿನೋದ ಮತ್ತು ಕ್ರೀಡೆಗಳಿಗೇ ಮೀಸಲಾಗಿವೆ. ಯುರೋಪಿನಲ್ಲಿ ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗನು 1938ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಆಟವು ಸಂಸ್ಕೃತಿಗೆ ಅಂಟಿಕೊಂಡ ಅಲಂಕಾರವಲ್ಲ, ಸಂಸ್ಕೃತಿಯು ಆಟದಲ್ಲಿಯೇ ಅರಳುವುದು ಎಂಬ ಪಕ್ಷವನ್ನು ಹಿಡಿದನು. ಈ ಎರಡು ಆಧಾರಗಳ ಧೈರ್ಯದಿಂದ ನಾವು ಪ್ರಸ್ತುತ ವಿಷಯವನ್ನು ಕೈಗೆತ್ತಿಕೊಂಡಿದ್ದೇವೆ.

ವಿಷಯವಿಷ್ಟು: ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರ ಮತ್ತು ಅದರೊಳಗೆ ಸೇರಿಕೊಂಡ ವ್ಯಂಗ್ಯಚಿತ್ರಮಾಲೆಯ ವೀರನಾಯಕ. ಒಂದು ಕಥೆ ಚಿತ್ರದಿಂದ ಯಂತ್ರಕ್ಕೆ ಇಳಿಯುವಾಗ ಏನನ್ನು ಕಳೆದುಕೊಳ್ಳುತ್ತದೆ, ಏನನ್ನು ಗಳಿಸುತ್ತದೆ. ಘಟಪ್ರಭೆಯ ದಂಡೆಯ ನಮ್ಮ ಊರುಗಳ ಆಟಗಳಿಗೂ ಅದಕ್ಕೂ ಹೋಲಿಕೆಯುಂಟೆ. ಇಂಥ ವಸ್ತುಗಳನ್ನು ನಾವು ಕಾಪಾಡಿಕೊಳ್ಳಬೇಕೆ, ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಾರ್ಹವಾಗಿವೆ.

ಮೊದಲು ಯಂತ್ರವನ್ನು ನೋಡೋಣ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಹುಟ್ಟಿದ ನಿಂಟೆಂಡೋ ಸಂಸ್ಥೆಯು ಸರಿಯಾಗಿ ನೂರು ವರ್ಷಗಳ ತರುವಾಯ, 1989ರಲ್ಲಿ, ‘ಗೇಮ್ ಬಾಯ್’ ಎಂಬ ಕೈಯಂತ್ರವನ್ನು ಹೊರತಂದಿತು. ಇದರ ಹಿಂದಿದ್ದ ಪ್ರಮುಖ ವ್ಯಕ್ತಿ ಗುನ್‌ಪೈ ಯೊಕೊಯಿ. ಇದಕ್ಕೂ ಮೊದಲೇ, 1980ರಲ್ಲಿ, ಈತನು ‘ಗೇಮ್ ಅಂಡ್ ವಾಚ್’ ಎಂಬ ಸಣ್ಣ ಆಟದ ಯಂತ್ರಗಳನ್ನು ರೂಪಿಸಿದ್ದನು. ಹಳತಾಗಿ ಅಗ್ಗವಾದ, ಗುಣದೋಷಗಳೆಲ್ಲ ತಿಳಿದುಹೋದ ತಂತ್ರವನ್ನು ಹೊಸ ಉಪಯೋಗಕ್ಕೆ ತಿರುಗಿಸಬೇಕೆಂಬುದು ಯೊಕೊಯಿಯ ಸೂತ್ರವಾಗಿತ್ತು. ಅದರಂತೆ ಗೇಮ್ ಬಾಯ್‌ಗೆ ಬಣ್ಣದ ತೆರೆಯಿರಲಿಲ್ಲ. ತೆರೆಯ ಹಿಂದೆ ದೀಪವೂ ಇರಲಿಲ್ಲ. ಹಸುರು ಛಾಯೆಯ ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲ ಚಿತ್ರವೂ ಮುಗಿಯಬೇಕಾಗಿತ್ತು. ಅದೇ ಕಾಲದಲ್ಲಿ ಬಂದ ಅಟಾರಿ ಸಂಸ್ಥೆಯ ‘ಲಿಂಕ್ಸ್’ (1989) ಮತ್ತು ಸೇಗಾ ಸಂಸ್ಥೆಯ ‘ಗೇಮ್ ಗಿಯರ್’ (1990) ಎಂಬ ಯಂತ್ರಗಳಲ್ಲಿ ಬಣ್ಣವೂ ಬೆಳಕೂ ಇದ್ದವು. ಆದರೆ ಅವಕ್ಕೆ ಆರು ಸೆಲ್ಲುಗಳು ಬೇಕಾಗಿದ್ದು, ಅವೂ ಕೆಲವೇ ತಾಸುಗಳಲ್ಲಿ ತೀರಿಹೋಗುತ್ತಿದ್ದವು. ನಾಲ್ಕು ಸೆಲ್ಲುಗಳಲ್ಲಿ ಬಹುಕಾಲ ನಡೆಯುತ್ತಿದ್ದ ಬಡ ಯಂತ್ರವೇ ಗೆದ್ದಿತು. ಅದೂ 1998ರಲ್ಲಿ ಬಂದ ಅದರ ಬಣ್ಣದ ರೂಪವೂ ಸೇರಿ 11 ಕೋಟಿ 80 ಲಕ್ಷಕ್ಕೂ ಮಿಕ್ಕಿ ಮಾರಾಟವಾದವು.

ತೆರೆಯ ಮೇಲೆ ಚಿತ್ರವು ಮೂಡುವ ಬಗೆ ನಮ್ಮ ಭಾಗದವರಿಗೆ ಅಪರಿಚಿತವೇನೂ ಅಲ್ಲ. ಕಸೂತಿ ಹಾಕುವ ಹೆಣ್ಣುಮಗಳು ಬಟ್ಟೆಯ ಎಳೆಗಳನ್ನೆಣಿಸಿ ಗೋಪುರವನ್ನೋ ತೇರನ್ನೋ ಕೂಡಿಸುವಂತೆ, ಇಲ್ಲಿಯೂ ಎಣಿಕೆಯೇ ಚಿತ್ರದ ಮೂಲ. ಗೇಮ್ ಬಾಯ್ ತೆರೆಯು ಅಡ್ಡಲಾಗಿ 160, ಉದ್ದಕ್ಕೆ 144 ಚುಕ್ಕೆಗಳನ್ನುಳ್ಳದ್ದು. ಅಂದರೆ ಒಟ್ಟು 23,040 ಚುಕ್ಕೆಗಳು. ಇವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ವಿಂಗಡಿಸಿದರೆ ತೆರೆಯ ಮೇಲೆ 360 ಚೌಕಗಳಾಗುತ್ತವೆ. ಗೋಡೆ, ಮೆಟ್ಟಿಲು, ಆಕಾಶ ಎಲ್ಲವೂ ಈ ಚೌಕಗಳ ಜೋಡಣೆಯೇ. ಒಂದೇ ಚೌಕವನ್ನು ಹಲವೆಡೆ ಮತ್ತೆ ಮತ್ತೆ ಇಟ್ಟು ಸ್ಮರಣೆಯ ಜಾಗವನ್ನು ಉಳಿಸುತ್ತಾರೆ. ಚಲಿಸುವ ಆಕೃತಿಗಳಿಗೆ ಬೇರೆ ಏರ್ಪಾಡು. ಅಂಥವು ಏಕಕಾಲಕ್ಕೆ 40ಕ್ಕಿಂತ ಹೆಚ್ಚು ಇರಕೂಡದು. ಒಂದೇ ಸಾಲಿನಲ್ಲಿ ಹತ್ತನ್ನು ಮೀರಕೂಡದು. ನಾಯಕನೊಬ್ಬನ ದೇಹವೇ ಹಲವು ಆಕೃತಿಗಳನ್ನು ನುಂಗುವುದರಿಂದ, ಅವನೆದುರು ವೈರಿಗಳ ದಂಡನ್ನು ನಿಲ್ಲಿಸುವುದು ಅಶಕ್ಯ. ವೀರನು ಒಬ್ಬಿಬ್ಬರೊಡನೆ ಮಾತ್ರ ಕಾದುವುದು ಕಥೆಗಾರನ ಇಚ್ಛೆಯಿಂದಲ್ಲ, ಯಂತ್ರದ ಕಟ್ಟಳೆಯಿಂದ.

ಇನ್ನು ಕಥೆಯ ಸಂಗತಿ. ಬ್ಯಾಟ್‌ಮನ್ ಎಂಬ ವೀರನು 1939ರಲ್ಲಿ ಅಮೆರಿಕೆಯ ಚಿತ್ರಕಥಾ ಪತ್ರಿಕೆಯೊಂದರಲ್ಲಿ ಮೊದಲು ಕಾಣಿಸಿಕೊಂಡನು. ಅವನ ಸಾಹಸಗಳನ್ನು ಕುರಿತ ದೂರದರ್ಶನದ ವ್ಯಂಗ್ಯಚಿತ್ರಮಾಲೆಯೊಂದು 1992ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಅದರ ಹಿನ್ನೆಲೆಗಳನ್ನು ಬಿಳಿಯ ಕಾಗದದ ಬದಲು ಕಪ್ಪು ಕಾಗದದ ಮೇಲೆ ಚಿತ್ರಿಸಿದ್ದರಿಂದ, ಕತ್ತಲೆಯೇ ಆ ಮಾಲೆಯ ಮುಖ್ಯ ಲಕ್ಷಣವಾಯಿತು. ಮರುವರ್ಷ, 1993ರಲ್ಲಿ, ಜಪಾನಿನ ಕೊನಾಮಿ ಸಂಸ್ಥೆಯು ಅದನ್ನು ಗೇಮ್ ಬಾಯ್ ಆಟವನ್ನಾಗಿ ಮಾಡಿತು. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕತ್ತಲೆಯಿಂದ ಕಟ್ಟಿದ ಕಥೆ, ಸ್ವಂತ ಬೆಳಕಿಲ್ಲದ ತೆರೆಗೆ ಬಂದಿತು! ಹಗಲ ಬೆಳಕಿಗೋ ದೀಪದ ಬುಡಕ್ಕೋ ಒಡ್ಡದಿದ್ದರೆ ಆಟವೇ ಕಾಣದು. ರಾತ್ರಿಯ ವೀರನನ್ನು ಬಾಲಕರು ಕಿಟಕಿಯ ಬಳಿ ಕುಳಿತು ಆಡಿಸಬೇಕಾಯಿತು. ತಂದೆತಾಯಿಗಳನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ನಾಯಕನ ದುಃಖ ಚಿತ್ರಮಾಲೆಯಲ್ಲಿ ಮಾತಿನಿಂದಲೂ ಮೌನದಿಂದಲೂ ವ್ಯಕ್ತವಾಗುತ್ತಿತ್ತು. ಆಟದಲ್ಲಿ ಉಳಿದದ್ದು ನೆಗೆತ, ಹೊಡೆತ, ಬೀಳುವಿಕೆ.

ಹಾಗಾದರೆ ಇದು ಬರಿಯ ನಷ್ಟವೇ? ನಮಗೆ ಹಾಗೆ ತೋರುವುದಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ಮೂಡಲಗಿ ತಾಲ್ಲೂಕಿನ ಕುಲಗೋಡದ ಕಡೆಗೆ ತಿರುಗಿ ನೋಡಿದರೆ ಕಾಣಬಹುದು. ಕುಲಗೋಡ ತಮ್ಮಣ್ಣನವರ ಹೆಸರಿನೊಡನೆ ಬೆಸೆದುಕೊಂಡಿರುವ, ಕೌಜಲಗಿಯ ನಿಂಗಮ್ಮನವರಂಥ ಕಲಾವಿದೆಯರು ಬೆಳಗಿದ ‘ಶ್ರೀಕೃಷ್ಣ ಪಾರಿಜಾತ’ವೂ ಪುರಾಣದ ಕಥೆಯೊಂದು ಬೇರೊಂದು ಮಾಧ್ಯಮಕ್ಕೆ ಇಳಿದದ್ದೇ. ನಾರದನು ತಂದ ಪಾರಿಜಾತದ ಹೂವು ರುಕ್ಮಿಣಿಯ ಪಾಲಾಗಿ, ಸತ್ಯಭಾಮೆ ಮುನಿಸಿಕೊಂಡಳೆಂಬುದು ಕಥೆಯ ತಿರುಳು. ಸ್ವರ್ಗ, ದ್ವಾರಕೆ, ದೇವತೆಗಳ ವೈಭವ ಇವಾವುವನ್ನೂ ಊರ ಬಯಲಿನಲ್ಲಿ ತೋರಿಸಲಾಗದು. ಆದ್ದರಿಂದ ಆಟವು ವೈಭವವನ್ನು ಬಿಟ್ಟುಕೊಟ್ಟು, ಹಾಡನ್ನೂ ಹಾಸ್ಯಸಂಭಾಷಣೆಯನ್ನೂ ಬೆಳೆಸಿಕೊಂಡಿತು. ಪುರಾಣವನ್ನು ಕೇಳಿದವನಿಗೆ ದೇವಿಯಾಗಿದ್ದ ಸತ್ಯಭಾಮೆ, ಆಟವನ್ನು ನೋಡಿದವನಿಗೆ ನೆರೆಮನೆಯ ಹೆಣ್ಣಾದಳು. ಮಾಧ್ಯಮದ ಬಡತನವೇ ಅಲ್ಲಿ ಹೊಸ ಸಂಪತ್ತಿಗೆ ಕಾರಣವಾಯಿತು.

ಕೈಯಂತ್ರದ ಗಳಿಕೆಯೂ ಈ ಜಾತಿಯದೇ. ಚಿತ್ರಮಾಲೆಯನ್ನು ನೋಡುವ ಬಾಲಕನಿಗೆ ನಾಯಕನು ಗೆಲ್ಲುವನೆಂಬುದು ಮೊದಲೇ ಗೊತ್ತು. ಅವನು ಗೆಲ್ಲುವ ಬಗೆಯಷ್ಟೇ ಕುತೂಹಲ. ಆಟದಲ್ಲಿ ಹಾಗಲ್ಲ. ಹೆಬ್ಬೆರಳು ತಡವಾದರೆ ವೀರನು ಸಾಯುತ್ತಾನೆ. ಆ ಸಾವಿನ ಹೊಣೆ ಆಡುವವನದು. ಸೋಲನ್ನು ಒಪ್ಪಿ ಮೊದಲಿನಿಂದ ಆರಂಭಿಸುವ ಅಭ್ಯಾಸವು ನೋಡುವವನಿಗೆ ಬಾರದು, ಆಡುವವನಿಗೆ ಬರುತ್ತದೆ. ಬಯಲಾಟ, ದೊಡ್ಡಾಟ, ಸಣ್ಣಾಟಗಳನ್ನೂ ಚಿಣ್ಣಿದಾಂಡನ್ನೂ ಒಂದೇ ‘ಆಟ’ವೆಂಬ ಮಾತಿನಿಂದ ಕರೆದ ಕನ್ನಡಿಗರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಊರುಗಳಿಗೆ ಬರೋಣ. ಗೋಕಾಕ ಜಲಪಾತದಲ್ಲಿ ವಿದ್ಯುತ್ತು ಹುಟ್ಟಿದ್ದು 1887ರಷ್ಟು ಹಿಂದೆ. ಆದರೆ ಅದು ಹಳ್ಳಿಯ ಮನೆಗಳಿಗಾಗಿ ಹುಟ್ಟಿದ್ದಲ್ಲ, ಗಿರಣಿಗಾಗಿ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿ, ದೇಶದಲ್ಲಿ ಪ್ರಯೋಗಾರ್ಥವಾಗಿ ಆರಿಸಲಾದ ಐದು ಸಂಘಗಳಲ್ಲೊಂದಾಗಿ ಸ್ಥಾಪಿತವಾಯಿತು. ತಂತಿ ಮನೆಗೆ ಬಂದ ಮೇಲೂ ಕರೆಂಟು ಹೋಗುವುದು ತಪ್ಪಲಿಲ್ಲ. ಭಾರತದಲ್ಲಿ ವ್ಯಂಗ್ಯಚಿತ್ರಗಳಿಗೇ ಮೀಸಲಾದ ‘ಕಾರ್ಟೂನ್ ನೆಟ್‌ವರ್ಕ್’ ವಾಹಿನಿಯು 1995ರಲ್ಲಿ ಆರಂಭವಾದರೂ, ಅದನ್ನು ನೋಡಲು ಟೀವಿ, ಕೇಬಲ್ಲು, ಕರೆಂಟು ಮೂರೂ ಕೂಡಿಬರಬೇಕಾಗಿತ್ತು. ಸೆಲ್ಲಿನ ಮೇಲೆ ನಡೆಯುವ ಕೈಯಂತ್ರಕ್ಕೆ ಈ ಯಾವುದರ ಹಂಗೂ ಇರಲಿಲ್ಲ.

ಆದರೆ ಮೂಲ ಗೇಮ್ ಬಾಯ್ ನಮ್ಮ ಭಾಗದ ಸಾಮಾನ್ಯ ಮನೆಗಳಿಗೆ ಬಂದದ್ದು ವಿರಳ. ಬಂದದ್ದು, ಜಾತ್ರೆಯ ಅಂಗಡಿಗಳಲ್ಲಿಯೂ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿಯೂ ಸಿಗುತ್ತಿದ್ದ ‘ಬ್ರಿಕ್ ಗೇಮ್’. ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ 1984ರಲ್ಲಿ ರಚಿಸಿದ ‘ಟೆಟ್ರಿಸ್’ ಆಟದ ಅನುಕರಣೆಯಿದು. ಇದರ ತೆರೆಯಲ್ಲಿ ಅಡ್ಡಲಾಗಿ ಹತ್ತು, ಉದ್ದಕ್ಕೆ ಇಪ್ಪತ್ತು, ಒಟ್ಟು ಇನ್ನೂರು ಚೌಕಗಳು ಮಾತ್ರ. 9999 ಆಟಗಳಿವೆಯೆಂದು ಮೈಮೇಲೆ ಅಚ್ಚಾಗಿದ್ದರೂ, ಕೆಲವೇ ಆಟಗಳನ್ನು ವೇಗ ಬದಲಿಸಿ ಎಣಿಸಿದ ಲೆಕ್ಕವದು. ಶಾಲಾಬಾಲಕರಾಗಿದ್ದಾಗ ನಾವು ಕೈಯಲ್ಲಿ ಹಿಡಿದ ಯಂತ್ರವೂ ಇದೇ. ಇನ್ನೂರು ಚೌಕಗಳಲ್ಲಿ ವೀರನ ಮುಖವನ್ನು ಬರೆಯಲಾಗದು. ಆದ್ದರಿಂದ ಅವನ ಚಿತ್ರವು ಯಂತ್ರದ ಹೊರಮೈಯಲ್ಲಿ ಅಂಟಿಸಿದ ಚೀಟಿಯಾಗಿ ಬಂದಿತ್ತು. ಒಳಗೆ ಬೀಳುತ್ತಿದ್ದದ್ದು ಇಟ್ಟಿಗೆ. ಹೊರಗೆ ಹಾರುತ್ತಿದ್ದವನು ವೀರ. ಎರಡನ್ನೂ ಬಾಲಕರ ಕಲ್ಪನೆಯೇ ಕೂಡಿಸಬೇಕಾಗಿತ್ತು, ಕೂಡಿಸಿಯೂ ಇತ್ತು.

ಇದೇ ಊರುಗಳಲ್ಲಿ ಯೊಕೊಯಿಗಿಂತ ಎಷ್ಟೋ ಮುಂಚೆ ಅವನ ಸೂತ್ರವನ್ನು ಆಚರಿಸಿದವರೊಬ್ಬರಿದ್ದರು: ಗೋಕಾಕದ ಗೊಂಬೆಗಾರರು. ಸುಲಭವಾಗಿ ಸಿಗುವ ಹಗುರ ಮರವನ್ನು ಕೆತ್ತಿ, ಮೈಗೆ ಲೇಪ ಕೊಟ್ಟು, ಬಣ್ಣ ಬಳಿದು, ಅವರು ದೇವತಾಮೂರ್ತಿಗಳನ್ನೂ ಪಕ್ಷಿಗಳನ್ನೂ, ನಿಜವೆಂದು ಕೈಚಾಚುವಂಥ ಹಣ್ಣು ಕಾಯಿಪಲ್ಲೆಗಳನ್ನೂ ಮಾಡಿದರು. ಬೆಲೆಬಾಳುವ ಗಂಧದ ಮರವೂ ಬೇಡ, ಲೋಹವೂ ಬೇಡ. ಹಗುರ ಮರದ ಗುಣದೋಷವನ್ನು ಬಲ್ಲ ಕೈ ಸಾಕು. ಪ್ಲಾಸ್ಟಿಕ್ಕಿನ ಆಟಿಕೆ ಜಾತ್ರೆಗೆ ಬಂದ ಮೇಲೆ ಈ ಗೊಂಬೆಗಳು ಮಕ್ಕಳ ಕೈಯಿಂದ ಜಾರಿ, ದೊಡ್ಡವರ ಷೋಕೇಸಿಗೆ ಸೇರಿದವು. ಈಗ ಆ ಪ್ಲಾಸ್ಟಿಕ್ಕಿನ ಯಂತ್ರವನ್ನೂ ಮೊಬೈಲ್ ಫೋನು ಹೊರದೂಡಿದೆ.

ಎರಡಕ್ಕೂ ಸಮಾನವಾದ ಇನ್ನೊಂದು ದುರ್ದೈವವಿದೆ: ಮಾಡಿದವನ ಹೆಸರು ಅಳಿದುಹೋಗುವುದು. ಬ್ಯಾಟ್‌ಮನ್ನನ ಕಲ್ಪನೆಯಲ್ಲಿ ಬಾಬ್ ಕೇನ್ ಜೊತೆಗೆ ಬಿಲ್ ಫಿಂಗರ್ ಎಂಬ ಲೇಖಕನೂ ಸಮಪಾಲು ಹೊಂದಿದ್ದನು. ಆದರೆ ಕರ್ತೃವೆಂದು ಅಚ್ಚಾಗುತ್ತಿದ್ದದ್ದು ಕೇನನ ಹೆಸರೊಂದೇ. ಫಿಂಗರ್ 1974ರಲ್ಲಿ ತೀರಿಕೊಂಡನು. ಅವನ ಹೆಸರಿಗೆ ಅಧಿಕೃತ ಮನ್ನಣೆ ದೊರೆತದ್ದು 2015ರಲ್ಲಿ. ಲೋಕವಿಖ್ಯಾತ ವೀರನ ಕರ್ತೃವಿಗೇ ಈ ಗತಿಯಾದರೆ, ಗೋಕಾಕದ ಗೊಂಬೆಯ ತಳದಲ್ಲಿ ಹೆಸರು ಕೆತ್ತದ ಕುಶಲಿಗನ ಮಾತೇನು? ಫಿಂಗರನಿಗೆ ನ್ಯಾಯ ದೊರೆತದ್ದು ಕೆಲವರು ಹಳೆಯ ಕಾಗದಗಳನ್ನು ಹುಡುಕಿ, ಬದುಕಿದ್ದವರ ಮಾತನ್ನು ಬರೆದುಕೊಂಡದ್ದರಿಂದ. ಆ ಕೆಲಸ ನಮ್ಮಲ್ಲಿಯೂ ಆಗಬೇಕಾದದ್ದು.

ಅದಕ್ಕೆ ಕಾಲಾವಕಾಶ ಹೆಚ್ಚಿಲ್ಲ. ನಮ್ಮ ಹುಡುಗರು ‘ಕ್ಯಾಸೆಟ್ಟು’ ಎಂದು ಕರೆಯುವ ಆಟದ ಡಬ್ಬಿಗಳಲ್ಲಿ ಎಷ್ಟೋ ಡಬ್ಬಿಗಳು ಆಡಿದವನ ಪ್ರಗತಿಯನ್ನು ಗುಂಡಿಯಾಕಾರದ ಒಂದು ಸಣ್ಣ ಸೆಲ್ಲಿನ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಸೆಲ್ಲು ತೀರಿದ ದಿನ ಆ ನೆನಪೂ ತೀರುತ್ತದೆ. ಮರದ ಗೊಂಬೆಗೆ ಹುಳು, ಯಂತ್ರಕ್ಕೆ ತುಕ್ಕು. ಶಿಲಾಶಾಸನದಂತೆ ಇವು ನಮಗಾಗಿ ಕಾಯುವುದಿಲ್ಲ.

ಆದ್ದರಿಂದ ಈ ಮೂರು ತಾಲ್ಲೂಕುಗಳ ಶಾಲಾಕಾಲೇಜುಗಳ ಇತಿಹಾಸದ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ವಿನಂತಿಯಿದೆ. ಮನೆಯ ಅಟ್ಟದ ಮೇಲೆ ಬಿದ್ದಿರುವ ಗೊಂಬೆಯನ್ನಾಗಲಿ ಕೆಟ್ಟ ಬ್ರಿಕ್ ಗೇಮನ್ನಾಗಲಿ ಗುಜರಿಗೆ ಹಾಕುವ ಮೊದಲು ನಾಲ್ಕು ಸಂಗತಿಗಳನ್ನು ಬರೆದಿಡಿರಿ: ಎಲ್ಲಿ ಕೊಂಡದ್ದು, ಯಾವ ವರ್ಷ, ಎಷ್ಟು ಬೆಲೆಗೆ, ಮಾಡಿದವರು ಅಥವಾ ರಿಪೇರಿ ಮಾಡಿದವರು ಯಾರು. ಗೊತ್ತಿದ್ದರೆ ಐದನೆಯದು: ಅದರೊಡನೆ ಮಕ್ಕಳು ಯಾವ ಕಥೆಯನ್ನು ಕಟ್ಟಿಕೊಂಡು ಆಡುತ್ತಿದ್ದರು. ಅರಸರು ಏನನ್ನು ಗೆದ್ದರೆಂಬುದನ್ನು ಶಾಸನಗಳು ಹೇಳುತ್ತವೆ. ಜನಸಾಮಾನ್ಯರ ಮಕ್ಕಳು ಏನಾಗಬಯಸಿದರೆಂಬುದನ್ನು ಹೇಳಲು ಇವಕ್ಕಿಂತ ಬೇರೆ ಆಧಾರ ನಮ್ಮಲ್ಲಿ ಹೆಚ್ಚಿಲ್ಲ.