ದೇಹದೊಳಗಿನ ಚಿತ್ರವೂ ಮಲೆನಾಡಿನ ಜ್ವರವೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡಂಚಿನ ಮನೆಗಳಲ್ಲಿ ಜನರೂ ದನಕರುಗಳೂ ಒಂದೇ ಅಂಗಳದಲ್ಲಿ ಬಾಳುತ್ತಾರೆ. ಆದುದರಿಂದ ಇಬ್ಬರ ಕಾಯಿಲೆಯನ್ನು ಅರಿಯುವ ಬಗೆಯೂ ಗೃಹಸ್ಥರಿಗೆ ತಿಳಿದಿರಬೇಕು.

1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ ಎಕ್ಸ್-ರೇ ಕಿರಣಗಳನ್ನು ಕಂಡುಹಿಡಿದನು. ಮನುಷ್ಯರ ಮೂಳೆಯ ಮುರಿತವನ್ನು ತೋರುವ ಆ ಕಿರಣಗಳೇ ಹಸು ಮೇವಿನೊಡನೆ ನುಂಗಿದ ತಂತಿ, ಮೊಳೆಗಳನ್ನೂ ತೋರಬಲ್ಲವು. ಅಂಥ ತಂತಿ ಹೊಟ್ಟೆಯ ಎರಡನೆಯ ಚೀಲವನ್ನು ಚುಚ್ಚಿ ಹೃದಯದವರೆಗೂ ಸಾಗುವುದುಂಟು. ಶಬ್ದತರಂಗಗಳ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಅಲ್ಟ್ರಾಸೌಂಡ್, ಹೃದಯದ ಸುತ್ತ ತುಂಬಿದ ದ್ರವವನ್ನು ತೋರುತ್ತದೆ.

ಮಂಗನ ಕಾಯಿಲೆಯ ಮಾತು ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗವು ಉಣುಗಿನ ಕಡಿತದಿಂದ ಬರುತ್ತದೆ. 2024ರಲ್ಲಿ ಸಿದ್ದಾಪುರ ತಾಲ್ಲೂಕನ್ನೂ ಬಾಧಿಸಿತು. ಶ್ವಾಸಕೋಶಕ್ಕೋ ಮೆದುಳಿಗೋ ತಗುಲಿದ ಹಾನಿಯನ್ನು ಎಕ್ಸ್-ರೇ, ಸ್ಕ್ಯಾನ್‌ಗಳು ತೋರಬಹುದೇ ಹೊರತು ರೋಗಾಣು ಯಾವುದೆಂದು ಹೇಳಲಾರವು. ಅದಕ್ಕೆ ರಕ್ತಪರೀಕ್ಷೆಯೇ ಬೇಕು.

ಆದಕಾರಣ ಸ್ಕ್ಯಾನ್ ಸರಿಯಾಗಿದೆಯೆಂದು ನೆಮ್ಮದಿ ತಾಳದಿರಿ. ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಆ ಸಂಗತಿಯನ್ನೇ ವೈದ್ಯರಿಗೆ ಮೊದಲು ತಿಳಿಸಿರಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಆರೋಗ್ಯ ಕೇಂದ್ರಕ್ಕೆ ಸುದ್ದಿ ಕೊಡಿರಿ.